ಹಾಡು ಬೇಕು, ಹಾಡುವವನು ಬೇಡ

ಊರಹಬ್ಬಕ್ಕೆ ತಮಟೆ ಬೇಕು. ತಮಟೆ ಬಡಿಯೋನು ಗುಡಿಯೊಳಕ್ಕೆ ಬೇಡ. ಅವನ ಕೈಯ ಏಟಿಗೆ ದೇವರು ಮೈದುಂಬುತ್ತದೆ, ಅವನ ನೆರಳು ಬಿದ್ದರೆ ಅದೇ ದೇವರು ಮೈಲಿಗೆಯಾಗುತ್ತದೆ. ನಮ್ಮ ಕೇರಿಗಳಲ್ಲಿ ಹುಟ್ಟಿದವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನ್ಯೂಯಾರ್ಕು, ಲಂಡನ್ನುಗಳ ಝಗಝಗಿಸುವ ನಾಟಕಶಾಲೆಗಳಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು ಎಂಬುದು ತಿಳಿಯಬೇಕಾದರೆ ಪಾಲ್ ರೋಬ್ಸನ್ ಎಂಬ ಕರಿಯ ನಟನ, ಗಾಯಕನ ಬದುಕನ್ನು ನೋಡಬೇಕು. 'ಎಂಥಾ ಕಂಠ!' ಅಂತ ತಲೆದೂಗಿ ಎದ್ದು ಹೋಗುವ ರಸಿಕರು ಬೇಕಾದಷ್ಟಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಆ ಕಂಠ ಯಾರ ಮಾತನ್ನು ಆಡಿತು? ತನ್ನ ಮಾತನ್ನು ಆಡಿದ್ದು ಯಾವಾಗ?

ರೋಬ್ಸನ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ. ಅಪ್ಪ ಹುಟ್ಟುಗುಲಾಮ. ಹದಿಹರೆಯದಲ್ಲಿ ತಪ್ಪಿಸಿಕೊಂಡು ಬಂದು, ಓದಿ, ಪಾದ್ರಿಯಾದವನು. ಮಗ ಓದಿನಲ್ಲೂ ಮುಂದು, ಫುಟ್‌ಬಾಲ್ ಆಟದಲ್ಲೂ ಮುಂದು. 1923ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿ ಪಡೆದ. ವಕೀಲರ ಕಚೇರಿಗೆ ಸೇರಿದರೆ ಅಲ್ಲಿನ ಬಿಳಿಯ ಸ್ಟೆನೋ, ಕರಿಯ ಹೇಳಿದ್ದನ್ನು ನಾನು ಬರೆದುಕೊಳ್ಳೋದಿಲ್ಲ ಅಂದಳು. ಇಲ್ಲಿ ನಮಗೆ ಇನ್ನೊಬ್ಬರು ನೆನಪಾಗಲೇಬೇಕು. 1913ರಿಂದ 1916ರವರೆಗೆ ಅದೇ ಕೊಲಂಬಿಯಾದಲ್ಲಿ ಓದಿದ ಬಾಬಾಸಾಹೇಬರು 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಜವಾನರು ಫೈಲುಗಳನ್ನು ದೂರದಿಂದಲೇ ಅವರ ಮೇಜಿಗೆ ಎಸೆಯುತ್ತಿದ್ದರು. ಇಬ್ಬರ ಪದವಿಯೂ ಒಂದೇ ವಿಶ್ವವಿದ್ಯಾನಿಲಯದ್ದು. ಇಬ್ಬರು ಉಂಡ ಅವಮಾನಕ್ಕೂ ಬೇರೆ ಬೇರೆ ಬೇರುಗಳಿರಲಿಲ್ಲ.

ರೋಬ್ಸನ್ ವಕೀಲಿ ಬಿಟ್ಟು ನಾಟಕಕ್ಕೆ ಬಂದ. 1925ರಲ್ಲಿ ಲಾರೆನ್ಸ್ ಬ್ರೌನ್‌ನ ಪಿಯಾನೊ ಜೊತೆ ತನ್ನ ಜನ ಗುಲಾಮಗಿರಿಯಲ್ಲಿ ಕಟ್ಟಿದ ಹಾಡುಗಳನ್ನೇ ಇಡೀ ಕಚೇರಿಯಾಗಿ ಹಾಡಿದ. ಹತ್ತಿಹೊಲದ ಪದಗಳಿಗೆ ನಗರದ ವೇದಿಕೆಯಲ್ಲಿ ಮರ್ಯಾದೆ ತಂದ.

ಅವನ ಹೆಸರು ಮನೆಮಾತಾದದ್ದು ಮಾತ್ರ 'ಶೋ ಬೋಟ್' ಎಂಬ ಸಂಗೀತ ನಾಟಕದಿಂದ. 1927ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ಈ ನಾಟಕದ ಸಂಗೀತ ಜೆರೋಮ್ ಕರ್ನ್‌ನದು, ಮಾತು ಆಸ್ಕರ್ ಹ್ಯಾಮರ್‌ಸ್ಟೀನ್‌ನದು. ಇಬ್ಬರೂ ಬಿಳಿಯರು. ಕಪ್ಪು ಕೂಲಿಯ ಬೆವರನ್ನು, ಬಣ್ಣ ಮೀರಿದ ಮದುವೆಯನ್ನು ಅಪರಾಧ ಮಾಡಿದ ಕಾನೂನನ್ನು ಅವರು ರಂಗದ ಮೇಲೆ ತಂದರು. ಅದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಅದೇ ಮೊದಲ ಪ್ರಯೋಗದಲ್ಲಿ ಜೋ ಎಂಬ ಕರಿಯ ಕೂಲಿಯ ಹೆಂಡತಿಯ ಪಾತ್ರಕ್ಕೆ ಬಿಳಿಯ ಹೆಂಗಸೊಬ್ಬಳು ಮುಖಕ್ಕೆ ಕಪ್ಪು ಬಳಿದುಕೊಂಡು ನಿಂತಳು! ಕರಿಯರ ನೋವು ರಂಗಕ್ಕೆ ಬರಬಹುದು, ಕರಿಯ ಹೆಣ್ಣು ಮಾತ್ರ ಬರಬಾರದು.

ಜೋ ಪಾತ್ರವನ್ನು ರೋಬ್ಸನ್ 1928ರಲ್ಲಿ ಲಂಡನ್ನಿನಲ್ಲಿ, 1932ರಲ್ಲಿ ನ್ಯೂಯಾರ್ಕಿನಲ್ಲಿ, 1936ರಲ್ಲಿ ಸಿನಿಮಾದಲ್ಲಿ ಮಾಡಿದ. ಜೋ ಹಾಡುವ ಮಿಸಿಸಿಪ್ಪಿ ನದಿಯ ಹಾಡು ಲೋಕಪ್ರಸಿದ್ಧ. ರಾಗ ಆಳವಾದದ್ದು. ಅದರೊಳಗಿನ ಮನುಷ್ಯ ಮಾತ್ರ ಸೋತವನು. ನದಿ ತನ್ನ ಪಾಡಿಗೆ ತಾನು ಹರಿಯುತ್ತದೆ, ಕೂಲಿ ದಣಿಯುತ್ತಾನೆ, ಬದುಕು ಬೇಸರ, ಸಾವು ಭಯ. ಅಷ್ಟೆ. ಇಂಥ ನೋವನ್ನು ಕಂಡು ಒಡೆಯರು ಕಣ್ಣೀರು ಹಾಕಬಲ್ಲರು. ಯಾಕೆಂದರೆ ಈ ನೋವು ಅವರ ಮೇಲೆ ಕೈ ಎತ್ತುವುದಿಲ್ಲ. ಹಾಗೆ ಕಣ್ಣೀರು ಹಾಕಿದ ಲಂಡನ್ನಿನಲ್ಲೇ 1929ರಲ್ಲಿ ಸವಾಯ್ ಹೋಟೆಲಿನವರು ರೋಬ್ಸನ್‌ನನ್ನು ಊಟದ ಕೋಣೆಗೆ ಬಿಡಲಿಲ್ಲ.

ರೋಬ್ಸನ್ ಎಡವಲಿಲ್ಲವೇ? ಎಡವಿದ. 1935ರ 'ಸ್ಯಾಂಡರ್ಸ್ ಆಫ್ ದಿ ರಿವರ್' ಸಿನಿಮಾದಲ್ಲಿ ಬ್ರಿಟಿಷ್ ದೊರೆಗೆ ನಿಷ್ಠನಾದ ಆಫ್ರಿಕದ ಮುಖಂಡನಾಗಿ ನಟಿಸಿದ. ಆಫ್ರಿಕದ ಸಂಸ್ಕೃತಿ ತೋರಿಸುತ್ತೇವೆ ಎಂದು ನಂಬಿ ಹೋದವನ ಕೈಗೆ ಬಂದದ್ದು ಸಾಮ್ರಾಜ್ಯದ ತುತ್ತೂರಿ. ಆಮೇಲೆ ಆ ಚಿತ್ರವನ್ನು ಅವನೇ ತಳ್ಳಿಹಾಕಿದ. ಕಥೆಯ ಹಗ್ಗ ಯಾರ ಕೈಯಲ್ಲಿದೆ ಅಂತ ನೋಡದೆ ವೇದಿಕೆ ಹತ್ತಿದರೆ ಎಂಥ ಕಲಾವಿದನಿಗೂ ಇದೇ ಗತಿ.

ಈ ಪೆಟ್ಟಿನ ಮೇಲೆ ಸ್ಪೇನಿನ ಯುದ್ಧ ಬಂತು. ಕಲಾವಿದನಾದವನು ಒಂದು ಪಕ್ಷ ಹಿಡಿಯಲೇಬೇಕು ಎಂದು 1937ರಲ್ಲಿ ಲಂಡನ್ನಿನ ಸಭೆಯಲ್ಲಿ ರೋಬ್ಸನ್ ಸಾರಿದ. 1938ರಲ್ಲಿ ಸ್ಪೇನಿಗೇ ಹೋಗಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದವರ ನಡುವೆ ಹಾಡಿದ. ಆ ದಿನಗಳಲ್ಲೇ ನದಿಯ ಹಾಡಿನ ಮಾತು ಬದಲಾಯಿತು. ಕರಿಯರನ್ನು ಹೀನಾಯವಾಗಿ ಕರೆಯುವ ಮಾತು ಹೋಯಿತು. ಬೇಸರ ಮತ್ತು ಸಾವಿನ ಭಯ ಇದ್ದ ಜಾಗದಲ್ಲಿ ಸಾಯುವತನಕ ಹೋರಾಟ ಎಂಬ ಪಣ ಬಂದು ಕೂತಿತು. ಹ್ಯಾಮರ್‌ಸ್ಟೀನ್‌ಗೆ ಇದು ಇಷ್ಟವಾಗಲಿಲ್ಲ. ಹೇಗಾದೀತು? ಮನೆ ಅವನದು, ಬಾಡಿಗೆಗಿದ್ದವನು ಗೋಡೆ ಒಡೆದು ಕಿಟಕಿ ಇಟ್ಟಿದ್ದ!

ಕೃತಿಯ ಶುದ್ಧತೆ ಕೆಟ್ಟಿತಲ್ಲ ಎಂದು ಕೇಳುವವರಿದ್ದಾರೆ. ಆ ಕೃತಿ ಕರಿಯನ ಬಾಯಿಂದ ಹೊರಡುತ್ತಿದ್ದ ಮಾತು. ಅದು ಸುಳ್ಳೋ ನಿಜವೋ ಎಂದು ಹೇಳುವ ಹಕ್ಕು ಆ ಬಾಯಿಗಿಲ್ಲವೇ? ರೋಬ್ಸನ್ ರಾಗವನ್ನು ಎಸೆಯಲಿಲ್ಲ, ಹಾಡನ್ನು ಬಿಟ್ಟು ಓಡಲಿಲ್ಲ. ಒಳಗೇ ನಿಂತು ಅದರ ಬೆನ್ನು ನೆಟ್ಟಗೆ ಮಾಡಿದ.

1943ರಲ್ಲಿ ನ್ಯೂಯಾರ್ಕಿನಲ್ಲಿ ಅವನ 'ಒಥೆಲೊ' 296 ಪ್ರಯೋಗ ಕಂಡಿತು. ಹಾಡುತ್ತಾ ನಟಿಸುತ್ತಾ ಇದ್ದಷ್ಟು ದಿನ ಅಮೆರಿಕಕ್ಕೆ ಅವನು ಹೆಮ್ಮೆ. ಕರಿಯರನ್ನು ಮರಕ್ಕೆ ನೇತುಹಾಕುವವರಿಗೆ ಶಿಕ್ಷೆ ಕೊಡಿ ಎಂದು ಬೀದಿಗಿಳಿದ ಕೂಡಲೇ ದೇಶದ್ರೋಹಿ. 1949ರಲ್ಲಿ ಪೀಕ್‌ಸ್ಕಿಲ್‌ನಲ್ಲಿ ಅವನ ಹಾಡು ಕೇಳಲು ಬಂದವರ ಮೇಲೆ ಕಲ್ಲು ಬಿತ್ತು. 1950ರಲ್ಲಿ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಸಭಾಂಗಣಗಳು ಬಾಗಿಲು ಹಾಕಿದವು. 1952ರಲ್ಲಿ ಕೆನಡಾದ ಗಡಿಯಲ್ಲಿ ಲಾರಿಯ ಮೇಲೆ ನಿಂತು ಆಚೆಯ ಜನಕ್ಕೆ ಹಾಡಿದ. 1957ರಲ್ಲಿ ವೇಲ್ಸಿನ ಗಣಿ ಕಾರ್ಮಿಕರು ಅವನ ಹಾಡನ್ನು ಟೆಲಿಫೋನ್ ತಂತಿಯ ಮೂಲಕ ತರಿಸಿಕೊಂಡು ಕೇಳಿದರು. ಒಡೆಯರು ಮನುಷ್ಯನನ್ನು ತಡೆದರು, ದುಡಿಯುವವರು ಹಾಡಿಗೆ ದಾರಿ ಮಾಡಿದರು. 1958ರಲ್ಲಿ ಪಾಸ್‌ಪೋರ್ಟ್ ಮರಳಿ ಬಂತು. ಎಂಟು ವರ್ಷದ ಆಯಸ್ಸು ಬರಲಿಲ್ಲ. 1976ರಲ್ಲಿ ತೀರಿಕೊಂಡ.

ವಿಮರ್ಶೆ ಅಂದಮೇಲೆ ನಮ್ಮವನ ತಪ್ಪನ್ನೂ ಹೇಳಬೇಕು. 1949ರಲ್ಲಿ ಮಾಸ್ಕೋದಲ್ಲಿ, ಬಂಧನದಲ್ಲಿದ್ದ ಯಹೂದಿ ಕವಿ ಫೆಫರ್‌ನನ್ನು ರೋಬ್ಸನ್ ಕಂಡ. ಅಲ್ಲಿನ ವೇದಿಕೆಯಲ್ಲಿ ಯಹೂದಿಗಳ ಪ್ರತಿರೋಧದ ಹಾಡನ್ನು ಧೈರ್ಯವಾಗಿ ಹಾಡಿದ. ಊರಿಗೆ ಬಂದು ಮಾತ್ರ ಸ್ಟಾಲಿನ್ನನ ಕ್ರೌರ್ಯದ ಬಗ್ಗೆ ಬಾಯಿಬಿಡಲಿಲ್ಲ. 1952ರಲ್ಲಿ ಫೆಫರ್‌ನನ್ನು ಕೊಂದರು. ಅದೇ ವರ್ಷ ಸ್ಟಾಲಿನ್ನನ ಹೆಸರಿನ ಶಾಂತಿ ಪ್ರಶಸ್ತಿ ರೋಬ್ಸನ್‌ಗೆ ಬಂತು. ಶತ್ರುವಿಗೆ ಅನುಕೂಲವಾದೀತು ಎಂಬ ಭಯದಿಂದ ಮಿತ್ರನ ಕೊಲೆಯನ್ನು ನುಂಗಿಕೊಳ್ಳುವುದು ಹೋರಾಟಗಾರರ ಹಳೆಯ ಕಾಯಿಲೆ. ನಮ್ಮ ಸಂಘಟನೆಗಳಿಗೂ ಅದು ಅಂಟದೇ ಬಿಟ್ಟಿಲ್ಲ.

ಆದರೂ ಆ ಹಾಡು ಹರಿಯಿತು. ಕೊಲಂಬಿಯಾದಲ್ಲಿ ಓದಲು ಹೋಗಿ ರೋಬ್ಸನ್‌ನ ಪ್ರಭಾವಕ್ಕೆ ಒಳಗಾದ ಅಸ್ಸಾಮಿನ ಭೂಪೆನ್ ಹಜಾರಿಕಾ ಅದನ್ನು ತನ್ನ ನೆಲಕ್ಕೆ ತಂದ. ಜನ ಗೋಳಿಡುವಾಗ ಸುಮ್ಮನೆ ಹರಿಯುತ್ತೀಯಲ್ಲ ಎಂದು ನದಿಯನ್ನೇ ತರಾಟೆಗೆ ತೆಗೆದುಕೊಂಡ. ನಮ್ಮಲ್ಲಿ 1970ರ ದಶಕದಲ್ಲಿ ಸಿದ್ಧಲಿಂಗಯ್ಯನವರ ಪದಗಳು ಮೆರವಣಿಗೆಗೆ ಇಳಿದಾಗ ತಮಟೆಗೂ ಅದೇ ಆಯಿತು. ಗುಡಿಯ ಮುಂದಿನ ತಮಟೆ ತಾಲ್ಲೂಕು ಕಚೇರಿಯ ಮುಂದೆ ಬಂತು. ತೊಗಲು ಅದೇ, ಪೆಟ್ಟು ಬೇರೆ.

ಇವತ್ತು ಉತ್ಸವಗಳಿಗೆ ನಮ್ಮ ಕಲಾತಂಡಗಳಿಗೆ ಕರೆ ಬರುತ್ತದೆ. ಮಂತ್ರಿಗಳ ಮುಂದೆ ಕುಣಿಸಿ ಶಾಲು ಹೊದಿಸಿ ಕಳಿಸುತ್ತಾರೆ. ಹೋಗಬೇಡಿ ಅನ್ನುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ಮಕ್ಕಳಿಗೆ ಪದ ಕಲಿಸುವ ಮೇಷ್ಟ್ರುಗಳೇ, ಹಾಡುವ ಗೆಳೆಯರೇ, ಒಂದು ಮಾತು ಮಾತ್ರ ಕೇಳಿಕೊಳ್ಳಿ: ನಾವು ಹಾಡುತ್ತಿರುವ ಪದದಲ್ಲಿ ನಮ್ಮವನು ಕೈಮುಗಿದು ನಿಂತಿದ್ದಾನೆಯೇ? ನಿಂತಿದ್ದರೆ ರಾಗ ಬಿಡಬೇಡಿ, ಮಾತು ಬದಲಾಯಿಸಿ. ಮುಂದಿನ ಸಲ ಅವರು ಕರೆಯದಿದ್ದರೆ, ಮಾತು ಮುಟ್ಟಬೇಕಾದಲ್ಲಿ ಮುಟ್ಟಿತು ಅಂತ ತಿಳಿಯಿರಿ.