ಪರರ ಹಾಡಿನಲ್ಲಿ ಪಳಗುವ ಕಿವಿ

ಹಾಡಿನ ಕಂಠ, ವಾದ್ಯ, ಹಿಮ್ಮೇಳಗಳನ್ನು ಬೇರೆ ಬೇರೆ ಎಳೆಗಳಾಗಿ ಮುದ್ರಿಸಿಕೊಂಡು, ಅವುಗಳ ಏರಿಳಿತ, ದೂರ ಸಮೀಪ, ಎಡಬಲಗಳನ್ನು ಹೊಂದಿಸಿ, ಕೇಳುವವರ ಕಿವಿಗೆ ಅದು ಒಂದೇ ಹಾಡಾಗಿ ಮುಟ್ಟುವಂತೆ ಮಾಡುವ ಕೆಲಸಕ್ಕೆ ಧ್ವನಿಮಿಶ್ರಣ, ಬಳಕೆಯ ಮಾತಿನಲ್ಲಿ ಮಿಕ್ಸಿಂಗ್, ಎಂದು ಹೆಸರು. ಒಂದೊಂದು ಎಳೆಯನ್ನು ಟ್ರ್ಯಾಕ್ ಎನ್ನುತ್ತಾರೆ. ಇದಕ್ಕೆ ಬೇಕಾದ ತಂತ್ರಾಂಶ ಈಗ ಮನೆಯ ಕಂಪ್ಯೂಟರಿನಲ್ಲಿಯೇ ನಡೆಯುವುದರಿಂದ, ಹಾಡು ಕಟ್ಟುವ ತರುಣ ತರುಣಿಯರು ಸಹಜವಾಗಿ ತಮ್ಮ ಹಾಡಿನಿಂದಲೇ ಅಭ್ಯಾಸಕ್ಕೆ ತೊಡಗುತ್ತಾರೆ. ಆದರೆ ಈ ವಿದ್ಯೆಯನ್ನು ಸ್ವಂತ ಹಾಡು ಕಲಿಸುವುದು ಬಹಳ ಕಡಿಮೆ. ಪದ ಬರೆದವರಿಗೆ ಪ್ರತಿ ಸಾಲೂ ಬಾಯಿಪಾಠವಾಗಿರುವುದರಿಂದ, ಡಗ್ಗಾದ ಗುಂಯ್‌ಗುಟ್ಟುವಿಕೆಯಲ್ಲಿ ಅರ್ಧ ಸಾಲು ಮುಳುಗಿಹೋದರೂ ಅವರ ಮನಸ್ಸು ಅದನ್ನು ತುಂಬಿಕೊಂಡೇ ಕೇಳುತ್ತದೆ, ಮುಳುಗಿದ್ದು ಅವರ ಗಮನಕ್ಕೆ ಬರುವುದೇ ಇಲ್ಲ.

ಈ ಅರಿವು ಕಲಬುರಗಿ ಜಿಲ್ಲೆಯ ಸೇಡಂ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವು 9ನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನ ರಾಷ್ಟ್ರಕೂಟ ರಾಜಧಾನಿಯಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು, ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ಕಾಣಲಾರದ ಹಾಗೆ ಕವಿಯು ತನ್ನ ಕಾವ್ಯದ ದೋಷವನ್ನು ಕಾಣಲಾರ ಎಂಬ ಹೋಲಿಕೆಯನ್ನು ಮುಂದಿಡುತ್ತದೆ. ಕಿವಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಓದಿದ ಸಾಲಿನ ಮೇಲೆ ಕಣ್ಣು ಮತ್ತೆ ನಿಲ್ಲಬಲ್ಲದು, ಕೇಳಿದ ಸ್ವರವಾದರೋ ಆಗಲೇ ನೆನಪಾಗಿ ಕರಗಿರುತ್ತದೆ. ಆದುದರಿಂದ ಮಿಕ್ಸಿಂಗ್ ಕಲಿಯಲು ಪರರ ಹಾಡು ಬೇಕು, ಅದೂ ಒಂದೆರಡಲ್ಲ, ಹತ್ತಾರು.

ಕೋಡ್ಲಾ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸುತ್ತಿನ ಅಭ್ಯಾಸಿಗಳಿಗೆ ಅಂಥ ಹಾಡುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾದ ಅಗತ್ಯವಿಲ್ಲ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಮೊದಲಾದವರ ತತ್ವಪದಗಳನ್ನು ಹಾಡುವ ಭಜನಾ ಮೇಳಗಳು, ಮೊಹರಂ ಸಮಯದ ರಿವಾಯತ್ ಪದಗಳು ಕಲಬುರಗಿ ಸೀಮೆಯ ಜೀವಂತ ಸಂಗೀತ. ಹಾರ್ಮೋನಿಯಂ (ಇಲ್ಲಿಯ ಮಾತಿನಲ್ಲಿ ಪೇಟಿ), ತಬಲಾ ಡಗ್ಗಾ, ಏಕತಾರಿ, ತಾಳ, ಒಬ್ಬ ಮುಮ್ಮೇಳದವರು, ನಾಲ್ಕೈದು ಮಂದಿ ಹಿಮ್ಮೇಳದವರು: ಇಷ್ಟರ ಮಿಶ್ರಣ ನೋಡಲು ಸರಳ, ಮಾಡಲು ಕುಳಿತಾಗ ಇದರಷ್ಟು ಪಾಠ ಕಲಿಸುವುದು ಮತ್ತೊಂದಿಲ್ಲ.

ಅದರ ಒಂದು ತೊಡಕನ್ನು ಹತ್ತಿರದಿಂದ ನೋಡಬಹುದು. ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ಹಾಡಬೇಕು, ಇಲ್ಲದಿದ್ದರೆ ಪದಕ್ಕೆ ಜೀವವಿರುವುದಿಲ್ಲ. ಆದುದರಿಂದ ಹಾಡುವವರ ಮೈಕಿನಲ್ಲಿ ಪೇಟಿಯೂ, ಪೇಟಿಯ ಮೈಕಿನಲ್ಲಿ ಹಾಡುವವರ ದನಿಯೂ ಸೇರಿಕೊಳ್ಳುತ್ತವೆ. ಈ ಸೋರಿಕೆಗೆ ಬ್ಲೀಡ್ ಎನ್ನುತ್ತಾರೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಒಂದು ಮೀಟರ್ ಹೆಚ್ಚು ದೂರದಲ್ಲಿರುವ ಮೈಕಿಗೆ ಅದೇ ದನಿ ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಮತ್ತು ಆ ಎರಡು ಟ್ರ್ಯಾಕ್‌ಗಳನ್ನು ಕೂಡಿಸಿದೊಡನೆ ಸುಮಾರು 170 ಹರ್ಟ್ಸ್‌ನಿಂದ ಆರಂಭಿಸಿ ಬಾಚಣಿಗೆಯ ಹಲ್ಲುಗಳಂತೆ ಸಮಾನ ಅಂತರದಲ್ಲಿ ಕೆಲವು ಸ್ವರಾಂಶಗಳು ಕ್ಷೀಣಿಸುತ್ತವೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ. 170ರ ಆಸುಪಾಸು ಗಂಡಸಿನ ಕಂಠದ ಮೈಕಟ್ಟು ಇರುವ ಜಾಗ. ಆದುದರಿಂದಲೇ ಒಂದೊಂದಾಗಿ ಕೇಳಿದಾಗ ತುಂಬಿದ್ದ ದನಿ, ಎಲ್ಲ ಟ್ರ್ಯಾಕ್ ತೆರೆದಾಗ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಎರಡು ಮೈಕುಗಳ ನಡುವಿನ ದೂರವು ಹಾಡುವವರ ಬಾಯಿಗೂ ಅವರ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಇರಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ಕೋಣೆಯಲ್ಲಿ ಒಬ್ಬಂಟಿಯಾಗಿ, ಒಂದೊಂದೇ ಟ್ರ್ಯಾಕ್ ಮುದ್ರಿಸಿ ತಮ್ಮ ಹಾಡು ಮಾಡಿಕೊಳ್ಳುವವರಿಗೆ ಈ ಸಮಸ್ಯೆ ಎದುರಾಗುವುದೇ ಇಲ್ಲ; ಹಾಗಾಗಿ ಅದರ ಪರಿಹಾರವೂ ಅವರ ಕೈಗೆ ಬರುವುದಿಲ್ಲ.

ಇನ್ನು ಮೇಳದವರ ಟೀಕೆ. ಅದು ತಾಂತ್ರಿಕ ಭಾಷೆಯಲ್ಲಿ ಬರುವುದಿಲ್ಲ, "ಪೇಟಿ ಭಾಳ ಆಗ್ಯಾದ" ಎಂದೋ "ಮಾತು ತಿಳೀವಲ್ದು" ಎಂದೋ ಬರುತ್ತದೆ. ಮೊದಲ ಮಾತು ಕೇಳಿದ ಕೂಡಲೇ ಪೇಟಿಯ ಟ್ರ್ಯಾಕನ್ನೇ ಇಳಿಸಿದರೆ ಪದದ ಶ್ರುತಿಯ ಆಸರೆ ಕುಸಿಯುತ್ತದೆ. ಪೇಟಿಯ ರೀಡುಗಳ ನಾದವೂ ಕಂಠದ ಸ್ವರಾಕ್ಷರಗಳೂ ಒಂದೇ ಜಾಗದಲ್ಲಿ, ಸುಮಾರು 400ರಿಂದ 1500 ಹರ್ಟ್ಸ್‌ವರೆಗೆ, ಒತ್ತಿಕೊಂಡಿವೆ ಎಂದು ಆ ಮಾತಿನ ಅರ್ಥ. ಈಕ್ವಲೈಸರಿನಿಂದ, ಅಂದರೆ ಸ್ವರದ ಒಂದು ಭಾಗವನ್ನಷ್ಟೇ ಏರಿಸುವ ಇಳಿಸುವ ಸಾಧನದಿಂದ, ಪೇಟಿಯಲ್ಲಿ ಆ ಭಾಗವನ್ನು ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ದನಿಗೆ ಜಾಗ ಸಿಗುತ್ತದೆ. ಎರಡನೆಯ ಮಾತಿನ ಹಿಂದೆ ಬಹಳಷ್ಟು ಸಲ ಇರುವುದು ತಾಳ. ಕಂಚಿನ ಆ ಝಣತ್ಕಾರವು ಸ, ಶ, ಚ ಅಕ್ಷರಗಳು ಹೊಳೆಯುವ 5ರಿಂದ 8 ಸಾವಿರ ಹರ್ಟ್ಸ್ ಭಾಗವನ್ನೇ ಆಕ್ರಮಿಸುತ್ತದೆ. ತತ್ವಪದದಲ್ಲಿ ಮಾತೇ ಪ್ರಧಾನ, ಅಂಕಿತ ಬರುವ ಕೊನೆಯ ನುಡಿಯಂತೂ ಒಂದಕ್ಷರವೂ ಮಸುಕಾಗಬಾರದು. ಅನುಭವಿ ಮೇಳಗಳು ತಾಳ ಹಿಡಿದವರನ್ನು ಮೈಕಿನಿಂದ ಹಿಂದೆ ಕೂಡಿಸುತ್ತವೆ. ಆ ಕೂಡಿಸುವಿಕೆಯೇ ಅರ್ಧ ಮಿಕ್ಸಿಂಗ್ ಆಗಿದ್ದು, ಯಂತ್ರದಿಂದ ಮಾಡುವ ಯಾವ ತಿದ್ದುಪಡಿಯೂ ಅದಕ್ಕೆ ಸಾಟಿಯಾಗದು.

ಯಂತ್ರ ಮಾಡಬಾರದ ಒಂದು ಕೆಲಸವೂ ಉಂಟು. ಶ್ರುತಿ ತಪ್ಪಿದ ಸ್ವರವನ್ನು ಸರಿಯಾದ ಸ್ಥಾನಕ್ಕೆ ಎಳೆಯುವ ತಂತ್ರಾಂಶವನ್ನು ತತ್ವಪದಕ್ಕೆ ಹಚ್ಚಿದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುವ ಕಂಠದ ಬಾಗು ಮೆಟ್ಟಿಲಿನಂತೆ ತುಂಡಾಗುತ್ತದೆ. ಹಾಡು ಪರರದು, ಆ ಬಾಗು ಅವರ ಗುರುಪರಂಪರೆಯದು, ಅದನ್ನು ತಿದ್ದುವ ಹಕ್ಕು ಮಿಕ್ಸಿಂಗ್ ಮಾಡುವವರಿಗೆ ಇಲ್ಲ.

ಕೇಳುವ ಕೋಣೆಯ ಮಾತನ್ನೂ ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಶಹಾಬಾದ್ ಕಲ್ಲಿನ ನಾಡಿನಲ್ಲಿ ಅದು ಬೇರೆಯೇ ಸಮಸ್ಯೆ. ನೆಲಕ್ಕೆ ಹಾಸಿದ ಪರಸಿ, ಕಲ್ಲಿನ ಗೋಡೆ, ಎಷ್ಟೋ ಮನೆಗಳಲ್ಲಿ ಮೇಲೆಯೂ ಕಲ್ಲಿನ ಚಪ್ಪಡಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಟರ್‌ರ್ ಎಂಬ ಮರುದನಿ ಹೊರಡುತ್ತದೆ. ಇಂಥ ಕೋಣೆಯಲ್ಲಿ ಕುಳಿತವರ ಕಿವಿಗೆ ಹಾಡು ಇರುವುದಕ್ಕಿಂತ ಹೆಚ್ಚು ಹರಿತವಾಗಿ ಕೇಳುವುದರಿಂದ ಅವರು ಹರಿತವನ್ನು ಕಡಿಮೆ ಮಾಡುತ್ತಾರೆ, ಅದೇ ಹಾಡು ಬೇರೆಡೆ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ನೆಲಕ್ಕೆ ಕೌದಿ, ಗೋಡೆಗೆ ಹತ್ತಿಯ ಗಾದಿ ಒರಗಿಸಿದರೆ ಮರುದನಿ ತಗ್ಗುತ್ತದೆ, ಆದರೆ ಡಗ್ಗಾದ ತಗ್ಗು ನಾದ ಇದಕ್ಕೆ ಬಗ್ಗುವುದಿಲ್ಲ. 100 ಹರ್ಟ್ಸ್‌ನ ಅಲೆಯ ಉದ್ದವೇ 3.4 ಮೀಟರ್ ಇರುವಾಗ ಒಂದು ಗೇಣು ದಪ್ಪದ ಹತ್ತಿ ಅದನ್ನು ತಡೆಯಲಾರದು. ಆ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಒರೆಗೆ ಹಚ್ಚುವುದೇ ದಾರಿ. ಮುದ್ರಣದೊಳಗೆ ಸೇರಿಕೊಂಡ ಸಿಮೆಂಟ್ ಕಾರ್ಖಾನೆಯ ಗುಂಗು, ವಾಡಿ ಜಂಕ್ಷನ್ ಕಡೆಯ ರೈಲಿನ ಗಡಗಡ, ವಿದ್ಯುತ್ತಿನ 50 ಹರ್ಟ್ಸ್ ಮಿಡಿತ ಇವೆಲ್ಲ ಆಗ ಸ್ಪಷ್ಟವಾಗುತ್ತವೆ.

ಮೇಳವೊಂದರ ಹಾಡನ್ನು ಕೈಗೆ ತೆಗೆದುಕೊಳ್ಳುವ ಮೊದಲು ತಪ್ಪು ಮಾಡಲು ಒಂದು ಅಂಗಳ ಬೇಕಾದರೆ ಅದೂ ಉಂಟು. ಇಂಗ್ಲೆಂಡಿನ ಮೈಕ್ ಸೀನಿಯರ್ ತಮ್ಮ ಮಿಕ್ಸಿಂಗ್ ಪುಸ್ತಕಕ್ಕೆ ಜೊತೆಯಾಗಿ ನೂರಾರು ಕಲಾವಿದರ ಬಿಡಿ ಟ್ರ್ಯಾಕ್‌ಗಳನ್ನು ಅಭ್ಯಾಸಕ್ಕೆಂದು ಉಚಿತವಾಗಿ ಒದಗಿಸಿದ್ದಾರೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಿಂದ ಬಂದ ಸರಗ ಎಂಬ ಸಂಗ್ರಹದಲ್ಲಿ ಕರ್ನಾಟಕ ಸಂಗೀತ ಕಛೇರಿಗಳ ಗಾಯನ, ಪಿಟೀಲು, ಮೃದಂಗಗಳ ಬಿಡಿ ಟ್ರ್ಯಾಕ್‌ಗಳಿವೆ. ವೇದಿಕೆಯಲ್ಲಿ ಒಟ್ಟಿಗೆ ನುಡಿಸಿದಾಗ ಮುದ್ರಿಸಿದ ಅವುಗಳಲ್ಲಿ ಸೋರಿಕೆ ಇರುವುದರಿಂದ ಭಜನೆಯ ಮಿಶ್ರಣಕ್ಕೆ ಅವೇ ಹತ್ತಿರದ ಪೂರ್ವಪಾಠ. ಅಂಥ ಹತ್ತು ಹಾಡು ಮುಗಿಸಿದವರು ಮೇಳದ ಮುಂದೆ ಧೈರ್ಯವಾಗಿ ನಿಲ್ಲಬಹುದು. ನಿಂತ ಮೇಲೆ ಅವರ ಒಪ್ಪಿಗೆ ಪಡೆಯುವುದು, ಮೂಲ ಟ್ರ್ಯಾಕ್‌ಗಳನ್ನು ಕೆಡದಂತೆ ಇಟ್ಟು ಮರಳಿಸುವುದು, ಹಾಡಿದವರ, ನುಡಿಸಿದವರ ಹೆಸರು ಬರೆಯುವುದು ಕೆಲಸದ ಭಾಗವೇ ಆಗಿದೆ.

ಕೊನೆಯ ಪರೀಕ್ಷೆ ನಡೆಯುವುದು ಗುಡಿಯ ಮೇಲಿನ ಭೋಂಗಾದಲ್ಲಿ, ಅಂದರೆ ಕಹಳೆಯಾಕಾರದ ಧ್ವನಿವರ್ಧಕದಲ್ಲಿ. ಅದು ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ, ಎಡಬಲಗಳನ್ನು ಒಂದಾಗಿಸುತ್ತದೆ, ಹಿಮ್ಮೇಳವನ್ನು ಅಗಲವಾಗಿ ಹರಡಲು ಹೂಡಿದ ಕೆಲವು ತಂತ್ರಗಳು ಅಲ್ಲಿ ಒಂದನ್ನೊಂದು ಅಳಿಸಿಹಾಕಿ ಹಿಮ್ಮೇಳವನ್ನೇ ಮಾಯ ಮಾಡುತ್ತವೆ. ಮಿಕ್ಸಿಂಗ್ ಮಾಡುವವರು ಮೊದಲೇ ಮೋನೋ ಗುಂಡಿ ಒತ್ತಿ, ಅಂದರೆ ಎರಡು ಬದಿಯನ್ನು ಒಂದಾಗಿಸಿ, ಕೇಳಿದ್ದರೆ ಭಜನೆಯ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತವರಿಗೆ ಮುಮ್ಮೇಳದ ಸಾಲೂ ಅದನ್ನು ಎತ್ತಿಕೊಳ್ಳುವ ನಾಲ್ಕು ದನಿಗಳೂ ಸ್ಪಷ್ಟವಾಗಿ ಕೇಳಿಸುತ್ತವೆ.