ಮೂರ್ತಿಯ ಪಯಣ, ಹಗ್ಗದ ಪಯಣ

ಜಾಗತಿಕ ನೆಲೆಯ ಕಲಾವಿಮರ್ಶೆಯಲ್ಲಿ ಸಾಂಸ್ಕೃತಿಕ ಭಿನ್ನತೆಯೆಂದರೆ ಸಾಮಾನ್ಯವಾಗಿ ದೇಶದೇಶಗಳ ನಡುವಣ ಅಂತರ. ಪ್ಯಾರಿಸ್ಸಿನಲ್ಲಿ 1989ರಲ್ಲಿ ನಡೆದ 'ಮಾಜಿಸಿಯೆನ್ ದ ಲಾ ತೆರ್' ಪ್ರದರ್ಶನದ ಸುತ್ತಲ ವಾಗ್ವಾದವೂ ಬಹುಮಟ್ಟಿಗೆ ಈ ಚೌಕಟ್ಟಿನೊಳಗೇ ಉಳಿಯಿತು. ಒಂದೇ ಸಂಸ್ಕೃತಿಯ ಒಳಗಣ ಭಿನ್ನತೆ ಅದಕ್ಕೆ ಸುಲಭವಾಗಿ ಕಾಣದು. ಪುಣೆಯ ಬಳಿಯ ದೇಹೂ ರೋಡ್‌ನಲ್ಲಿ ಅಂಬೇಡ್ಕರರು 1954ರ ಡಿಸೆಂಬರ್ 25ರಂದು ಪ್ರತಿಷ್ಠಾಪಿಸಿದ ಬುದ್ಧಮೂರ್ತಿಯನ್ನೇ ನೋಡಬಹುದು. ಅದು ರಂಗೂನಿನಿಂದ ಬಂದುದು. ಪಂಢರಪುರದ ವಿಠ್ಠಲ ವಾಸ್ತವವಾಗಿ ಬುದ್ಧನೇ ಎಂದು ಅವರು ಅಂದು ಸಾರಿದರು. ಅದೂ ತುಕಾರಾಮರ ದೇಹುವಿನ ನೆರೆಯಲ್ಲಿ. (ಇದೇ ವಿಠ್ಠಲನನ್ನು ಜ್ಞಾನದೇವರು ಕನ್ನಡದವನೆಂದು ಹಾಡಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಅಂಬೇಡ್ಕರರ ಮಾತನ್ನು ಅಷ್ಟಾಗಿ ನೆನೆಯುವುದಿಲ್ಲ.) ಪರದೇಶದ ಶಿಲ್ಪವು ಊರಾಚೆ ಇರಿಸಲ್ಪಟ್ಟವರಿಗೆ ತಮ್ಮದಾಯಿತು, ನೆರೆಯ ದೇವರು ಪ್ರಶ್ನೆಯಾದ. ಶೈಲಿಯ ಮೂಲವನ್ನಷ್ಟೇ ಅರಸುವ ವಿಮರ್ಶೆ ಇಲ್ಲಿ 'ಬರ್ಮೀ ಪ್ರಭಾವ' ಎಂದು ಬರೆದು ಸುಮ್ಮನಾದೀತು.

ವಸ್ತುವಿನ ಪಯಣ ಎದುರು ದಿಕ್ಕಿನದಾದಾಗಲೂ ಇದೇ ತೊಡಕು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ 'ಬಿಹೋಲ್ಡ್' 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾಯಿತು: ಸುಮಾರು 4 ಕಿಲೋಮೀಟರು ಕೂದಲ ಹಗ್ಗ, ಅದರಲ್ಲಿ ತೂಗುವ 20 ಕಾರು ಬಂಪರುಗಳು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಇಂಥ ಹಗ್ಗ ಕಟ್ಟುವ ರೂಢಿಯನ್ನು 'ಸ್ಥಳೀಯ ನಂಬಿಕೆ' ಎಂದುಬಿಟ್ಟರೆ ಕೃತಿ ಅರ್ಧವಷ್ಟೇ ತೆರೆಯುತ್ತದೆ. ಹರಕೆಯ ಮುಡಿಯಲ್ಲಿ ಉದ್ದನೆಯ ಕೂದಲು ವಿಗ್ಗಿನ ಮಾರುಕಟ್ಟೆಗೆ ಹೋಗುತ್ತದೆ, ಗಿಡ್ಡನೆಯದು ಹಗ್ಗವಾಗುತ್ತದೆ. ಮುಡಿ ಕೊಟ್ಟವರು, ಹೊಸೆದವರು, ಬಂಪರಿಗೆ ಕಟ್ಟಿದವರು ಬೇರೆಬೇರೆ. ಇವರೆಲ್ಲರನ್ನೂ 'ಭಾರತೀಯ' ಎಂಬ ಒಂದೇ ಪದದಡಿ ತಂದಾಗ, ಆ ಹೊಳೆವ ಲೋಹಕ್ಕೂ ಕೂದಲಿಗೂ ನಡುವಣ ಬೆಲೆಯ ಏರುಪೇರು ಮರೆಯಾಗುತ್ತದೆ.