ಸತ್ತದ್ದು ವಾಯರು, ಹೆಡ್‌ಫೋನ್ ಅಲ್ಲ

“ಬಲಗಡಿ ಕಿವಿ ಬಂದ್ ಆಗ್ಯದ್ರಿ ಕಾಕಾ. ಹೊಸಾದು ತಗೋಬೇಕಂತ ಮಾಡೀನಿ,” ಎನ್ನುತ್ತ ಚಿತ್ತಾಪುರದ ಹುಡುಗನೊಬ್ಬ ಕಳೆದ ವಾರ ತನ್ನ ಹೆಡ್‌ಫೋನನ್ನು ನನ್ನ ಮುಂದಿಟ್ಟ. ಅದನ್ನು ಅವನ ತಲೆಗೇ ಹಾಕಿಸಿ, ಹಾಡು ಹಚ್ಚಿ, ಪಿನ್ನಿನ ಕುತ್ತಿಗೆ ಹಿಡಿದು ಮೆಲ್ಲಗೆ ಆಚೀಚೆ ಬಾಗಿಸಿದೆ. “ಬಂತ್ರಿ... ಹೋತ್ರಿ... ಮತ್ತ ಬಂತ್ರಿ,” ಅಂದ. “ಕಿವಿ ಬಂದ್ ಆಗಿಲ್ಲೋ ತಮ್ಮಾ, ವಾಯರ್ ಹರದದ. ಹೊಸಾದು ಯಾಕ ಬೇಕು?” ಎಂದೆ.

ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಿಂದ ಬಂದರೂ ಹೆಡ್‌ಫೋನಿನ ರೋಗ ಇದೊಂದೇ. ಒಳಗೆ ದನಿ ಹೊರಡಿಸುವ ಡ್ರೈವರ್ ಗಟ್ಟಿಯಾಗಿರುತ್ತದೆ, ತಲೆಯ ಪಟ್ಟಿ ನೆಟ್ಟಗಿರುತ್ತದೆ, ವಾಯರು ಮಾತ್ರ ಸತ್ತಿರುತ್ತದೆ. ನಮ್ಮ ಸೀಮೆಯ ಬೇಸಿಗೆಗೆ ಅದರಲ್ಲಿ ದೊಡ್ಡ ಪಾಲಿದೆ. ವಾಯರಿನ ಮೇಲ್ಹೊದಿಕೆ ಪಿವಿಸಿ. ಅದು ಮೆತ್ತಗಿರಲೆಂದು ಎಣ್ಣೆಯಂಥ ದ್ರವ್ಯ ಬೆರೆಸಿರುತ್ತಾರೆ. 42 ಡಿಗ್ರಿಯ ಬಿಸಿಲು, ಕೊರಳ ಬೆವರು, ಕೈಯ ಜಿಡ್ಡು ಸೇರಿ ಆ ದ್ರವ್ಯವನ್ನು ಹೊರಗೆಳೆಯುತ್ತವೆ. ಎರಡು ಬೇಸಿಗೆ ಕಳೆಯುವುದರೊಳಗೆ ವಾಯರು ಒಣಗಿದ ಬಳ್ಳಿಯಂತೆ ಬಿರುಸಾಗುತ್ತದೆ. ಬಿರುಕಿನಲ್ಲಿ ಬೆವರಿನ ಉಪ್ಪು ಇಳಿದರೆ ತಾಮ್ರ ಹಸಿರಾಗುತ್ತದೆ. ಆಮೇಲೆ ದಿನಕ್ಕೆ ನೂರು ಸಲ ಬಾಗುವ ಎರಡು ಜಾಗಗಳಲ್ಲಿ, ಎಂದರೆ ಪಿನ್ನಿನ ಕುತ್ತಿಗೆಯಲ್ಲಿ ಮತ್ತು ವಾಯರು ಕಿವಿಯ ಕಪ್ಪಿನೊಳಗೆ ನುಗ್ಗುವ ಬಾಯಲ್ಲಿ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ.

ಬಾವಿಯ ಹಗ್ಗ ಹರಿದರೆ ಯಾರೂ ಬಾವಿ ಮುಚ್ಚುವುದಿಲ್ಲ. ನೇಗಿಲ ಕುಳ ಸವೆದರೆ ಕಂಬಾರನ ಬಳಿ ಹೋಗುತ್ತೇವೆ, ನೇಗಿಲನ್ನು ಒಲೆಗಿಡುವುದಿಲ್ಲ. ಸವೆಯುವ ಭಾಗ ಬಿಚ್ಚಿ ಹಾಕುವಂತಿರಬೇಕು ಎಂಬುದು ನಮ್ಮ ಹೊಲಗಳಿಗೆ ಹಳೆಯ ತಿಳಿವಳಿಕೆ. ಹೆಡ್‌ಫೋನ್ ಮಾಡುವವರಲ್ಲಿ ಕೆಲವರಿಗೂ ಇದು ಗೊತ್ತಿತ್ತು. 1997ರ ಸೆನ್‌ಹೈಸರ್ ಎಚ್‌ಡಿ 600ರಲ್ಲಿ ವಾಯರು ಎರಡೂ ಕಪ್ಪುಗಳಿಂದ ಕಿತ್ತುಬರುತ್ತದೆ. ಆಡಿಯೋ-ಟೆಕ್ನಿಕಾದವರು ಎಂ50ಗೆ ಅಂಟಿಸಿದ್ದ ವಾಯರನ್ನು 2014ರ ಎಂ50ಎಕ್ಸ್‌ನಲ್ಲಿ ಬಿಚ್ಚುವಂತೆ ಮಾಡಿದರು. ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ದಶಕಗಳ ಕಾಲ ವಾಯರು ಅಂಟಿಸಿಕೊಂಡೇ ಬಂತು, ಅದರ ಎಕ್ಸ್ ಮಾದರಿಗೆ ಸಾಕೆಟ್ ಸಿಕ್ಕಿದ್ದು 2024ರಲ್ಲಿ. 1991ರಿಂದ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವ ಸೋನಿಯ ಎಂಡಿಆರ್-7506ರ ಸುರುಳಿ ವಾಯರು ಇಂದಿಗೂ ಕಪ್ಪಿಗೆ ಅಂಟಿಕೊಂಡೇ ಇದೆ. ಇಷ್ಟು ಒಳ್ಳೆಯ ವಸ್ತುವಿಗೆ ಇಷ್ಟು ಸಣ್ಣ ಬಾಗಿಲು ಯಾಕಿಲ್ಲ ಎಂದು ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಅನಿಸುತ್ತದೆ.

ಆ ಬಾಗಿಲನ್ನು ನಾವೇ ಕೊರೆಯಬಹುದು. ಬೇಕಾದದ್ದು 3.5 ಮಿಲಿಮೀಟರಿನ, ನಟ್ಟು ಹಾಕಿ ಬಿಗಿಯುವ ಸ್ಟೀರಿಯೋ ಸಾಕೆಟ್, 25 ವ್ಯಾಟಿನ ಸೋಲ್ಡರಿಂಗ್ ರಾಡು, ತೆಳು ಸೀಸ, ಪೇಸ್ಟ್, ಬಿಸಿಗೆ ಕುಗ್ಗುವ ಸ್ಲೀವು, ಒಂದು ಮಲ್ಟಿಮೀಟರ್. ಸಾಕೆಟ್ ನಮ್ಮಲ್ಲಿ ಸಿಗದಿದ್ದರೆ ವಾಡಿಯಲ್ಲಿ ಸಿಕಂದರಾಬಾದಿನ ಗಾಡಿ ಹತ್ತಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಮುಷ್ಟಿ ತುಂಬ ತರಬಹುದು. ಮೂರು ಪಿನ್ನಿನ ಮಿನಿ ಎಕ್ಸ್‌ಎಲ್‌ಆರ್ ಹಾಕಿ ಎನ್ನುವವರಿದ್ದಾರೆ. ಎಕೆಜಿ ಕೆ240ರಲ್ಲಿ ಇರುವುದು ಅದೇ. ಕೊಂಡಿ ಬಿಗಿದುಕೊಳ್ಳುವ ಗಟ್ಟಿ ಸಾಕೆಟ್ ಅದು, ಒಪ್ಪುತ್ತೇನೆ. ಆದರೂ ನನ್ನ ಮತ 3.5ಕ್ಕೇ. ರಾತ್ರಿ ಎಂಟಕ್ಕೆ ವಾಯರು ಕೈಕೊಟ್ಟರೆ ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಎರಡೂ ಕಡೆ ಪಿನ್ನಿರುವ ಆಕ್ಸ್ ವಾಯರು ಸಿಗುತ್ತದೆ. ಮಿನಿ ಎಕ್ಸ್‌ಎಲ್‌ಆರ್ ಕೇಳಿದರೆ ಅಂಗಡಿಯಣ್ಣ ನನ್ನ ಮುಖ ನೋಡುತ್ತಾನೆ.

ಕಿವಿಯ ದಿಂಬು ಕಳಚಿದರೆ ಅದರಡಿ ಮೂರೋ ನಾಲ್ಕೋ ಸ್ಕ್ರೂ. ಕಪ್ಪು ತೆರೆದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹುಡುಗನ ಹೆಡ್‌ಫೋನಿನಲ್ಲಿ ವಾಯರು ಎಡಗಪ್ಪಿಗೆ ಮಾತ್ರ ಬರುತ್ತಿತ್ತು, ಬಲಕ್ಕೆ ಹೋಗಬೇಕಾದದ್ದು ತಲೆಪಟ್ಟಿಯೊಳಗಿನಿಂದ ದಾಟಿತ್ತು. ಒಳಗೆ ವಾಯರಿಗೆ ಒಂದು ಗಂಟು. ಹೊರಗಿನಿಂದ ಜಗ್ಗಿದರೆ ಪೆಟ್ಟು ಬೆಸುಗೆಗೆ ತಾಗದೆ ಗಂಟಿಗೇ ನಿಲ್ಲಲಿ ಎಂದು ಹಾಕಿದ್ದು. ಹಳೆಯ ಕಾರ್ಖಾನೆ ಕೆಲಸದಲ್ಲಿ ನನಗೆ ಅತಿ ಪ್ರೀತಿ ಹುಟ್ಟಿಸುವುದು ಈ ಗಂಟು. ನಾವು ಸಾಕೆಟ್ ಹಾಕಿದ ಮೇಲೆ ಗಂಟು ಹೋಗುತ್ತದೆ, ಅದರ ಕೆಲಸವನ್ನು ಸಾಕೆಟ್ಟಿನ ನಟ್ಟೇ ಹೊರಬೇಕು. ಆದ್ದರಿಂದ ಬರೀ ಅಂಟಿನಲ್ಲಿ ಕೂರಿಸಿದ ಸಾಕೆಟ್ ನನಗೆ ಒಪ್ಪಿಗೆಯಿಲ್ಲ.

ತೂತು ಕೊರೆಯುವ ಮುನ್ನ ಡ್ರೈವರನ್ನು ಕಪ್ಪಿನಿಂದ ಬೇರೆ ಮಾಡಿ ದೂರ ಇಡಿ. ಟೇಪು ಹಚ್ಚಿ ಮುಚ್ಚಿದರೆ ಸಾಲದು. ಡ್ರೈವರಿನ ಬೆನ್ನಿಗೆ ಬಲವಾದ ಅಯಸ್ಕಾಂತವಿದೆ. ಅರದಿಂದ ಉದುರಿದ ಕಬ್ಬಿಣದ ಒಂದೇ ಕಣ ಅದರೊಳಗೆ ಸೇರಿದರೂ ಮಂದ್ರದ ಪ್ರತಿ ಸ್ವರಕ್ಕೂ ಗೊರಗೊರ ಎನ್ನುತ್ತದೆ, ಆ ಕಣವನ್ನು ಹೊರತೆಗೆಯುವ ಉಪಾಯವಿಲ್ಲ. ಬಿಸಿ ರಾಡಿನಿಂದ ಪ್ಲಾಸ್ಟಿಕ್ ಕರಗಿಸಿ ತೂತು ಮಾಡುವುದೂ ಬೇಡ, ಅಂಚು ಉಬ್ಬಿ ನಟ್ಟು ಕೂರುವುದಿಲ್ಲ. ಮೊದಲು 3 ಮಿಲಿಮೀಟರಿನ ತೂತು, ಆಮೇಲೆ ಕೈಯಲ್ಲೇ ಸುತ್ತಿಸುತ್ತ 6ಕ್ಕೆ ಅಗಲಿಸುವುದು. ಸಾಕೆಟ್ಟಿನ ಬೆನ್ನು ಡ್ರೈವರಿಗೆ ತಾಗುತ್ತದೆಯೇ ಎಂದು ಕೊರೆಯುವ ಮೊದಲೇ ಅಳೆದುಕೊಳ್ಳಬೇಕು. ಕಪ್ಪಿನ ಗೋಡೆ ದಪ್ಪವಿದ್ದರೆ ನಟ್ಟಿಗೆ ಹಿಡಿತ ಸಿಗದು, ಒಳಗಿನಿಂದ ಹೆರೆದು ತೆಳುಮಾಡಬೇಕು.

ಬೆಸುಗೆಯಲ್ಲಿ ಹೊಸಬರು ಸೋಲುವುದು ಬಣ್ಣದ ಎಳೆಗಳ ಹತ್ತಿರ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡ್. ಆ ಬಣ್ಣವೆಲ್ಲ ಎಳೆಗೆ ಬಳಿದ ಲೇಪ. ತಾಮ್ರದಂತೆಯೇ ಕಾಣುವ ಎಳೆಗೂ ಲೇಪ ಇರುತ್ತದೆ, ಅದರ ಮೇಲೆ ಸೀಸ ಹಿಡಿಯದು. ಬ್ಲೇಡಿನಿಂದ ಹೆರೆದರೆ ಎಳೆಯೇ ತುಂಡಾಗುತ್ತದೆ. ರಾಡಿನ ತುದಿಯಲ್ಲಿ ಒಂದು ಹನಿ ಸೀಸ ನಿಲ್ಲಿಸಿಕೊಂಡು, ಪೇಸ್ಟ್ ಮುಟ್ಟಿಸಿದ ಎಳೆಯನ್ನು ಆ ಹನಿಯೊಳಗೆ ಹಿಡಿಯಬೇಕು. ಲೇಪ ಸುಟ್ಟು ಸಣ್ಣ ಹೊಗೆ ಎದ್ದು, ಎಳೆ ಬೆಳ್ಳಿಯಂತೆ ಹೊಳೆಯತೊಡಗಿದರೆ ಕೆಲಸ ಮುಗಿಯಿತು. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ಡ್ರೈವರಿನ ಮೇಲಿನ ಬೆಸುಗೆಯನ್ನು ಮುಟ್ಟಲೇಬೇಡಿ. ಅದರ ಬದಿಯಲ್ಲೇ ಕೂದಲಿಗಿಂತ ತೆಳುವಾದ ಕಾಯಿಲ್ ತಂತಿ ಇರುತ್ತದೆ. ಹಳೆಯ ವಾಯರನ್ನು ಒಂದು ಇಂಚು ಉಳಿಸಿ ಕತ್ತರಿಸಿ, ಆ ತುಂಡಿಗೆ ಸಾಕೆಟ್ಟಿನ ಎಳೆಗಳನ್ನು ಸೇರಿಸಿ ಸ್ಲೀವು ತೊಡಿಸಿದರೆ ಸಾಕು. ಸಾಕೆಟ್ಟಿನಲ್ಲಿ ಪಿನ್ನಿನ ತುದಿ ತಾಗುವ ಕಾಲು ಎಡಕ್ಕೆ, ನಡುವಿನ ಉಂಗುರದ್ದು ಬಲಕ್ಕೆ, ಬುಡದ್ದು ಗ್ರೌಂಡಿಗೆ. ಬಣ್ಣ ನಂಬದೆ ಮೂರನ್ನೂ ಮಲ್ಟಿಮೀಟರಿನಲ್ಲಿ ಹಿಡಿದು ನೋಡಿ. ಕೊನೆಗೆ ಸಾಕೆಟ್ಟಿನ ಸುತ್ತ ಒಳಗಿನಿಂದ ಗ್ಲೂ ಗನ್ನಿನ ಅಂಟು ಸುರಿದು ಗಾಳಿ ಆಡದಂತೆ ಮುಚ್ಚಬೇಕು. ಮುಚ್ಚಿದ ಕಪ್ಪಿನ ಹೆಡ್‌ಫೋನಿಗೆ ಮಂದ್ರ ಬರುವುದು ಒಳಗೆ ಸಿಕ್ಕಿಕೊಂಡ ಗಾಳಿಯಿಂದ. ಸೂಜಿಯಷ್ಟು ಸಂದಿ ಬಿಟ್ಟರೂ ತಬಲಾದ ಎಡಗೈ ಬಡವಾಗುತ್ತದೆ.

ಇನ್ನು ಪರೀಕ್ಷೆ. ಇದಕ್ಕೆ ಹೊಸ ಸಿನಿಮಾ ಹಾಡು ಪ್ರಯೋಜನವಿಲ್ಲ. ಹಳೆಯ ಮೋನೋ ಧ್ವನಿಮುದ್ರಣ ಬೇಕು. ನಾನು ಹಚ್ಚುವುದು ಮಲ್ಲಿಕಾರ್ಜುನ ಮನ್ಸೂರರ ಹಳೆಯ ತಟ್ಟೆಗಳನ್ನು, ಇಲ್ಲವೇ ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು. ಮೋನೋದಲ್ಲಿ ಎರಡೂ ಕಿವಿಗೆ ಹೋಗುವುದು ಒಂದೇ ದನಿ. ಜೋಡಣೆ ಸರಿಯಿದ್ದರೆ ಆ ದನಿ ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ಎರಡು ಹುಬ್ಬುಗಳ ನಡುವೆ ಬಂದು ಕೂರುತ್ತದೆ. ಒಂದು ಡ್ರೈವರಿನ ಎರಡು ಎಳೆಗಳು ಅದಲುಬದಲಾಗಿದ್ದರೆ ಒಂದು ಕಡೆಯ ಡ್ರೈವರಿನ ಪರದೆ ಮುಂದೆ ತಳ್ಳುವಾಗ ಇನ್ನೊಂದು ಕಡೆಯದು ಹಿಂದಕ್ಕೆ ಸರಿಯುತ್ತದೆ. ಆಗ ಗಾಯಕರು ತಲೆಯ ಸುತ್ತ ಚದುರಿಹೋಗುತ್ತಾರೆ, ತಂಬೂರಿಯ ಖರ್ಜ ಮಾಯವಾಗುತ್ತದೆ. ಮೀಟರು ಇದನ್ನು ಹೇಳುವುದಿಲ್ಲ, ಕಿವಿಯೇ ಹೇಳಬೇಕು. ಆ ಹುಡುಗನ ಹೆಡ್‌ಫೋನಿನಲ್ಲಿ ಮೊದಲ ಸಲ ಹೀಗೇ ಆಗಿತ್ತು. ಮತ್ತೆ ಕಪ್ಪು ಬಿಚ್ಚಿ ಎಳೆ ತಿರುಗಿಸಿ ಹಾಕಿದಾಗ ಜಂಬಲದಿನ್ನಿಯವರು ನಡುವಿಗೆ ಬಂದು ನಿಂತರು. ಹುಡುಗ ಸುಮ್ಮನೆ ಕಣ್ಣು ಮುಚ್ಚಿಕೊಂಡ.

ಬೆಳ್ಳಿ ವಾಯರು ಹಾಕಿದರೆ ಇನ್ನೂ ಚೆಂದ ಕೇಳುತ್ತದಂತೆ, ಹೌದಾ ಎಂದು ಕೇಳಿದ. ಒಂದೂಕಾಲು ಮೀಟರ್ ಒಳ್ಳೆಯ ತಾಮ್ರದ ತಡೆ ಒಂದು ಓಮಿಗಿಂತ ಕಡಿಮೆ, ಹೆಡ್‌ಫೋನಿನದು 32 ಓಮು. ಅಲ್ಲಿ ಬೆಳ್ಳಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಆ ದುಡ್ಡಿಗೆ ಹೊಸ ದಿಂಬು ಹಾಕಿಸು ಎಂದೆ.

ಸಾಕೆಟ್ಟಿಗೂ ತನ್ನ ಕಷ್ಟ ಇದೆ. ಶಹಾಬಾದಿನಲ್ಲಿ ಪರ್ಸಿ ಕಲ್ಲು ಕೊಯ್ಯುವ ಕಡೆ ಇರುವವರಿಗೆ, ವಾಡಿಯಲ್ಲಿ ಸಿಮೆಂಟಿನ ಮಗ್ಗುಲಲ್ಲಿ ಇರುವವರಿಗೆ ತೆರೆದ ತೂತು ಎಂದರೆ ಧೂಳಿನ ಗೂಡು. ವಾಯರು ಕಿತ್ತಿಟ್ಟಾಗ ಅದರ ಬಾಯಿಗೆ ರಬ್ಬರಿನ ಬಿರಡೆ ಇರಲಿ. ಕರಕರ ಸದ್ದು ಶುರುವಾದರೆ ಪಿನ್ನಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹತ್ತು ಸಲ ಹಾಕಿ ತೆಗೆಯಿರಿ. ವಾರಂಟಿ ಇನ್ನೂ ಉಳಿದಿರುವ ಹೆಡ್‌ಫೋನಿಗೆ ಮಾತ್ರ ಈ ಕೆಲಸ ಬೇಡ.

ಸಂಜೆಗೆ ಎಲ್ಲ ಮುಗಿದ ಮೇಲೆ ಮೇಜಿನ ಮೇಲೆ ಕತ್ತರಿಸಿದ ಹಳೆಯ ವಾಯರು ಬಿದ್ದಿತ್ತು. ಹುಡುಗ ಅದನ್ನು ಕಸದ ಬುಟ್ಟಿಗೆ ಹಾಕಹೊರಟಿದ್ದ. “ತಡಿಯೋ,” ಎಂದು ಇಸಿದುಕೊಂಡೆ. ಹರಿದದ್ದು ಪಿನ್ನಿನ ಕುತ್ತಿಗೆಯ ಎರಡು ಇಂಚು ಮಾತ್ರ, ಉಳಿದ ಮೀಟರು ಇನ್ನೂ ಮೆತ್ತಗಿತ್ತು. ಆ ಎರಡು ಇಂಚು ಕತ್ತರಿಸಿ ಬಿಸಾಕಿ, ಎರಡೂ ತುದಿಗೆ ಹೊಸ ಪಿನ್ ಬೆಸೆದು, ಮಲ್ಟಿಮೀಟರ್ ಹಿಡಿದು ನೋಡಿ ಅವನ ಕೈಗೆ ಕೊಟ್ಟೆ. ಪರೀಕ್ಷೆಗೆ ಹಾಕಿದ್ದ ಹೊಸ ಆಕ್ಸ್ ವಾಯರನ್ನು ಬ್ಯಾಗಿಗೆ ಹಾಕಿಕೊಂಡು, ಆ ಹಳೆಯದನ್ನೇ ಸಾಕೆಟ್ಟಿಗೆ ಚುಚ್ಚಿಕೊಂಡು, ಚಿತ್ತಾಪುರದ ಗಾಡಿಗೆ ಹೊತ್ತಾಯಿತೆಂದು ಸ್ಟೇಷನ್ನಿನ ಕಡೆ ನಡೆದ.